ಹುಲ್ಲುಗಾವಲಿನ ಹಾವುರಾಣಿ ಮತ್ತು ನಮ್ಮ ಮನೆಯವರು

ನಮ್ಮ ಮನೆಯವರು ಇದ್ದಷ್ಟು ಕಾಲ ನಗುವಂಥದ್ದು ಏನಾದರೊಂದು ನಡೆದೇ ಇರುತ್ತಿತ್ತು. ಅವರು ಹೋಗಿ ವರ್ಷವಾಯಿತು. ಈಗಲೂ ರೊಟ್ಟಿ ಬಡಿಯುವಾಗ ನೆನಪಾಗಿ ಒಬ್ಬಳೇ ನಗುತ್ತೇನೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿರುತ್ತದೆ.

ಮನೆಯೊಳಗಿನದು

ಚಿಗಳ್ಳಿಯ ಆಚೆ, ನಮ್ಮೂರ ಹೊರಗೆ ಹುಲ್ಲುಗಾವಲು. ನಡುನಡುವೆ ಒಂದೊಂದು ಜಾಲಿ ಗಿಡ. ನಮ್ಮವರು ಅಲ್ಲೇ ದನ ಮೇಯಿಸುತ್ತಿದ್ದರು. ಒಮ್ಮೆ ಸಂಶೋಧನೆ ಮಾಡುವ ಮೇಡಂ ಒಬ್ಬರು ಬಂದರು. ಅವರಿಗೆ ಬೇಕಾದದ್ದು ಆ ಹುಲ್ಲಲ್ಲಿ ಬದುಕುವ ಹಾವುರಾಣಿ: ಕಂಚಿನಂತೆ ಹೊಳೆಯುವ ಮೈ, ಗಿಡ್ಡ ಕಾಲು, ಹಾವಿಗೂ ಹಲ್ಲಿಗೂ ಹುಟ್ಟಿದಂಥ ಪ್ರಾಣಿ.

"ಇಲ್ಲಿ ಹಾವುರಾಣಿ ಅದಾವೇನ್ರೀ?" ಎಂದು ನಮ್ಮವರನ್ನು ಕೇಳಿದರು.

"ಇಲ್ಲಿ ಬೇಕಾದಷ್ಟು ಅದಾವ್ರಿ. ಮನ್ಯಾಗೂ ಒಂದೈತಿ. ಅದಷ್ಟ ಕಚ್ಚತೈತಿ."

ಮೇಡಂ ನಂಬಿಬಿಟ್ಟರು. ಸಂಜೆ ಕ್ಯಾಮೆರಾ ಹಿಡಿದು ನಮ್ಮ ಬಾಗಿಲಿಗೆ ಬಂದು, "ಕಚ್ಚೂ ಹಾವುರಾಣಿ ಎಲ್ಲೈತ್ರಿ ಅಕ್ಕಾ?" ಎಂದರು. ಹಿಂದೆ ನಿಂತ ಗಂಡನ ಮುಖ ನೋಡಿದೆ, ತಿಳಿಯಿತು.

"ತಗೋರಿ ಫೋಟೋ," ಎಂದೆ. "ನಾನ ಅದು."

ಬಾಲ

ಮರುದಿನ ಮೇಡಂಗೆ ಸಹಾಯ ಮಾಡಲು ಹೋಗಿ ನಮ್ಮವರು ಒಂದನ್ನು ಹಿಡಿದರು. ಹಾವುರಾಣಿ ಓಡಿಹೋಯಿತು, ಬಾಲ ಮಾತ್ರ ಕೈಯಲ್ಲಿ ಉಳಿದು ವಿಲಿವಿಲಿ ಒದ್ದಾಡಿತು. ಪರರ ಮನೆಯ ಗಡಿಗೆ ಒಡೆದವರಂತೆ ಅವರು ಮೇಡಂ ಮುಂದೆ ನಿಂತರು. "ತಪ್ಪಾತ್ರಿ. ಇದನ್ನ ಹೆಂಗ ಹಚ್ಚೂದ್ರಿ?"

"ಚಿಂತಿ ಮಾಡಬ್ಯಾಡ್ರಿ, ಮತ್ತ ಬೆಳೀತೈತಿ," ಎಂದರು ಮೇಡಂ.

ಆಮೇಲೆ ಸಕ್ಕರೆ ಕಾಯಿಲೆ ಅವರ ಕಾಲಿಗಿಳಿಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ನಾನು ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ. ಅವರು ಡಾಕ್ಟರನ್ನು ಕೇಳುತ್ತಿದ್ದರು: "ಸಾಹೇಬ್ರ, ಹಾವುರಾಣಿಗೆ ಬಾಲ ಬರ್ತೈತಿ. ನನಗ್ಯಾಕ ಬೆರಳ ಬರೂದಿಲ್ಲ?"

ಡಾಕ್ಟರ್ ಹೇಳಿದರು, "ಅದು ಚಾದಾಗ ನಾಕ್ ಚಮಚ ಸಕ್ಕರಿ ಹಾಕ್ಕೊಳ್ಳೂದಿಲ್ಲರಿ."

ಕೊನೆಯ ದಿನ

ಬೆರಳು ಹೋದ ಮೇಲೆ ಅವರಿಗೆ ಹುಲ್ಲುಗಾವಲಿಗೆ ಹೋಗಲಾಗಲಿಲ್ಲ. ಕಟ್ಟೆಯ ಮೇಲೆ ಕೂತು ಆ ಕಡೆಯೇ ನೋಡುತ್ತಿದ್ದರು. ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು.

ಪಡಸಾಲೆಯಲ್ಲಿ ಅವರನ್ನು ಮಲಗಿಸಿದ್ದೆವು. ಸುತ್ತ ಹೆಂಗಸರು ಅಳುತ್ತಿದ್ದರು. ತಲೆಯ ಹತ್ತಿರ ಕೂತ ಅತ್ತೆ ಮಾತ್ರ ಬೆಳಿಗ್ಗೆಯಿಂದ ತುಟಿ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಒಂದು ಹಾವುರಾಣಿ ಸರಸರನೆ ನುಗ್ಗಿತು. "ಹಾವು! ಹಾವು!" ಅಳು ಅಲ್ಲಿಗೇ ನಿಂತಿತು. ಒಬ್ಬರು ಕಾಳಿನ ಚೀಲ ಹತ್ತಿದರು, ಇನ್ನೊಬ್ಬರು ನನ್ನ ಹೆಗಲನ್ನೇ ಹತ್ತಲು ನೋಡಿದರು.

ಓಣಿಯಲ್ಲಿ ಯಾರ ಮನೆಗೆ ಇಂಥದ್ದು ಹೊಕ್ಕರೂ ನಮ್ಮವರನ್ನೇ ಕೂಗಿ ಕರೆಯುತ್ತಿದ್ದರು. ಅದೇ ರೂಢಿಯಲ್ಲಿ ಪಕ್ಕದ ಮನೆಯ ಅಕ್ಕ ಚೀಲದ ಮೇಲಿಂದ ಕಿರುಚಿದಳು: "ತಮ್ಮಾ, ಲಗೂ ಏಳೋ! ಹಿಡದು ಹೊರಗ ಹಾಕೋ!"

ಕೂಗಿದ ಮೇಲೆ ಅವಳಿಗೇ ಅರಿವಾಯಿತು. ಬಾಯಿಗೆ ಸೆರಗು ಹಿಡಿದಳು.

ಅತ್ತೆ ಮಗನ ಹಣೆ ಸವರುತ್ತ ಆ ದಿನದ ಮೊದಲ ಮಾತು ಆಡಿದರು:

"ಇವತ್ತೊಂದಿನಾನರ ಅವಗ ಸೂಟಿ ಕೊಡವಾ. ನೀನ ಇಳದು ಹಿಡಿ."