ಇನ್ನೊಂದು ಸಾಲು ಬೇಕಾದರೆ ಇಲ್ಲಿ ಒತ್ತಿ

ಒಂದು ಸಲ ಸರಿಯಾಗಿ ಬರೆದಿಟ್ಟರೆ ಮತ್ತೆ ಮುಟ್ಟಬೇಕಿಲ್ಲ ಅಂದುಕೊಂಡ ಕೆಲಸವೇ ಮನುಷ್ಯನನ್ನು ಜಾಸ್ತಿ ಓಡಾಡಿಸುತ್ತೆ. ತೊಂಬತ್ತರ ದಶಕದ ನಡುವಿನಲ್ಲಿ ಚಿಕ್ಕಬಳ್ಳಾಪುರದ ಒಂದು ಸಣ್ಣ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಯಾರು ಬಂದರೂ ಪಟ್ಟಿಯೇ ಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆದು ಬೇಜಾರಾಗಿ ಒಂದು ತುಣುಕು ಮಾಡಿದೆ. ಪರದೆ ಮೇಲೆ ಒಂದು ಸಾಲು ಖಾನೆಗಳು. ‘ಸೇರಿಸು’ ಒತ್ತಿದರೆ ಕೆಳಗೆ ಅಂಥದ್ದೇ ಇನ್ನೊಂದು ಸಾಲು, ‘ತೆಗೆ’ ಒತ್ತಿದರೆ ಒಂದು ಸಾಲು ಮಾಯ. ಯಾವ ಫಾರಂಗೆ ಬೇಕಾದರೂ ಅದನ್ನೇ ಎತ್ತಿ ಕೂರಿಸಬಹುದು. ನಮ್ಮ ಓನರ್‌ಗೆ ಭಾರೀ ಖುಷಿ. ನನಗೆ ಮಾತ್ರ ಅವತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಬಸ್‌ಸ್ಟ್ಯಾಂಡ್ ಕಡೆಯಿಂದ ಯಾರು ಬಿರುಸಾಗಿ ನಡೆದು ಬಂದರೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದಾರೆ ಅನಿಸುತ್ತಿತ್ತು.

ಆರು ಲಾಟು

ಮೊದಲು ಹೋಗಿದ್ದು ಶಿಡ್ಲಘಟ್ಟಕ್ಕೆ, ರೇಷ್ಮೆ ನೂಲು ಬಿಚ್ಚಿಸುವ ಸಾಹೇಬರೊಬ್ಬರ ಫಿಲೇಚರಿಗೆ. ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಕೊಂಡ ಗೂಡಿನ ಒಂದೊಂದು ರಾಶಿಗೆ, ಅಂದರೆ ಲಾಟಿಗೆ, ಒಂದೊಂದು ಸಾಲು. ಆದರೆ ಸಾಲು ಸೇರಿದ ಹಾಗೆಲ್ಲ ‘ಸೇವ್’ ಬಟನ್ ಕೆಳಕ್ಕೆ ಜರುಗುತ್ತಿತ್ತು. ಏಳನೇ ಸಾಲಿಗೆ ಪರದೆಯಿಂದಲೇ ಆಚೆ.

ಹದಿನೈದು ದಿನ ಬಿಟ್ಟು ಹೋದರೆ ಸಾಹೇಬರು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು.

“ಇವತ್ತು ಚಿನ್ನದಂಥ ಗೂಡು ಬಿಟ್ಟು ಬಂದೆ ಕಣಪ್ಪ.”

“ಯಾಕೆ ಬಿಟ್ರಿ ಸಾಹೇಬ್ರೆ?”

“ಆರಕ್ಕಿಂತ ಜಾಸ್ತಿ ಲಾಟು ತಗೊಂಡ್ರೆ ಕಂಪ್ಯೂಟರ್ ಒಪ್ಪಲ್ಲ ಅಂತ ನಮ್ಮ ಗುಮಾಸ್ತರು ಹೇಳಿದ್ರು.”

ಬಟನ್ನನ್ನು ಮೇಲಕ್ಕೆ ಹಾಕಿ, ಸರಿ ಮಾಡಿ ಹೊರಟೆ. ಬಾಗಿಲಲ್ಲಿ ನೂಲು ಬಿಚ್ಚುವ ಹೆಂಗಸೊಬ್ಬಳು ಅಡ್ಡ ನಿಂತಳು. “ಯಾಕಣ್ಣ ಸರಿ ಮಾಡಿದ್ರಿ? ಹದಿನೈದು ದಿನದಿಂದ ಬೇಗ ಮನೆಗೆ ಹೋಗ್ತಿದ್ವಿ.”

ಕರೆಯುವವರು

ಆಮೇಲೆ ಊರಲ್ಲೇ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿಗೆ ಹಾಕಿಕೊಟ್ಟೆ. ‘ಸುಖಾಗಮನ ಬಯಸುವವರು’ ಅಂತ ಹೆಸರುಗಳ ಸಾಲು. ಹೆಣ್ಣಿನ ತಂದೆಯೊಬ್ಬರು ಬಂದರು. ಹೆಂಡತಿ ಬರೆದುಕೊಟ್ಟ ಪಟ್ಟಿಯಲ್ಲಿ ಮೊದಲ ಹೆಸರೇ ಭಾಮೈದನದು, ಕೊನೆಯದು ತಮ್ಮದು. ಭಾಮೈದನಿಗೂ ಅವರಿಗೂ ಮಾತಿಲ್ಲ. “ಅವನ ಹೆಸರು ತೆಗೀರಿ” ಅಂದರು. ಪರದೆ ಮೇಲೆ ಹೆಸರು ಹೋಯಿತು. ಅಚ್ಚಿನಲ್ಲಿ ಮಾತ್ರ ನನ್ನ ಪ್ರೋಗ್ರಾಂ ಕೊನೆಯ ಸಾಲನ್ನು ತೆಗೆದಿತ್ತು. ಯಾರೂ ಓದಿ ನೋಡದೆ ಹಂಚಿಬಿಟ್ಟರು.

ಭಾಮೈದ ಮೂರು ದಿನ ಮುಂಚೆಯೇ ಬಂದಿಳಿದರು. “ಕರೆಯೋರಲ್ಲಿ ಭಾವನ ಹೆಸರೇ ಇಲ್ಲ. ನಾನೇ ನಿಂತು ಮಾಡ್ಬೇಕು ಅಂತ ಅಕ್ಕ ಕರ್ದಿರೋದು” ಅಂತ ಉಗ್ರಾಣದ ಬೀಗದಕೈ ಕೇಳಿ ತಗೊಂಡರು. ಮದುವೆ ದಿನ ಛತ್ರದ ಬಾಗಿಲಲ್ಲಿ ನಿಂತು ಹೆಣ್ಣಿನ ತಂದೆಗೇ ಗಂಧ ಹಚ್ಚಿ, “ಊಟ ಮಾಡ್ಕೊಂಡೇ ಹೋಗ್ಬೇಕು” ಅಂದರಂತೆ.

ಒಬ್ಬಳೇ ಮಗಳು

ಗೌರಿಬಿದನೂರಿನ ಒಂದು ಶಾಲೆಯವರು, ಒಂದೇ ಮನೆಯ ಮಕ್ಕಳನ್ನು ಒಟ್ಟಿಗೆ ಬರೆಯುವ ಫಾರಂ ಮಾಡಿಸಿಕೊಂಡರು. ಮಗುವಿಗೊಂದು ಸಾಲು. ಈ ಸಲ ಹೊಸ ಸಾಲು ಖಾಲಿ ಬರುವ ಬದಲು ಮೇಲಿನ ಹೆಸರನ್ನೇ ಹೊತ್ತುಕೊಂಡು ಬರುತ್ತಿತ್ತು. ಕೈ ತಪ್ಪಿ ಎರಡು ಸಲ ‘ಸೇರಿಸು’ ಒತ್ತಿದರೆ ಒಂದು ಮಗು ಮೂರಾಗುತ್ತಿತ್ತು. ಅದೇ ಪಟ್ಟಿ ಹಾಕಿ ಮನೆಗಳಿಗೆ ಕಾಗದವೂ ಹೋಯಿತು.

ಅದನ್ನು ಸರಿ ಮಾಡಲು ನಾನು ಶಾಲೆಯಲ್ಲಿ ಕೂತಿದ್ದಾಗಲೇ ತೊಂಡೇಬಾವಿಯಿಂದ ಒಬ್ಬ ತಂದೆ ಬಂದರು.

“ಸಾರ್, ನಂಗಿರೋಳು ಒಬ್ಳೇ ಮಗಳು. ಕಾಗದದಲ್ಲಿ ಮೂರು ಜನ ಅಂತ ಐತೆ. ನಮ್ಮನೆಯವಳು ಒಲೆ ಹಚ್ಚಿಲ್ಲ.”

“ಮೂರೂ ಒಂದೇ ಹೆಸರಲ್ವಾ? ತಪ್ಪು ಅಂತ ಅವರಿಗೆ ಗೊತ್ತಾಗಲ್ವಾ?”

“ಅದಕ್ಕೇ ಜಾಸ್ತಿ ಕೋಪ. ಬಾಯಿ ತಪ್ಪಿದ್ರೂ ಸಿಕ್ಕಿ ಬೀಳಬಾರ್ದು ಅಂತ ಎಲ್ರಿಗೂ ಒಂದೇ ಹೆಸರಿಟ್ಟಿದೀಯ ಅಂತಾಳೆ.”

ಅವರ ಜೊತೆಯೇ ರೈಲು ಹತ್ತಿದೆ. ಆಕೆ ಮಗಳನ್ನು ಪಕ್ಕಕ್ಕೆ ಒತ್ತಿಕೊಂಡು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಅದೇ ಕಾಗದದ ಹಿಂದೆ ಖಾನೆಗಳನ್ನು ಬರೆದು ತೋರಿಸಿ, “ತಪ್ಪು ನಂದಮ್ಮ, ಇವರದಲ್ಲ” ಅಂದೆ. ತುಂಬ ಹೊತ್ತು ಗಂಡನ ಮುಖ ನೋಡಿ, “ಸರಿ ಬಿಡಪ್ಪ” ಅಂತ ಒಳಗೆ ಹೋಗಿ ಕಾಫಿ ಇಟ್ಟರು.

ಗಂಡ ಸ್ಟೇಷನ್ ತನಕ ಬಂದರು. ದೂರದಲ್ಲಿ ರೈಲು ಕಾಣಿಸಿದಾಗ ಮೆಲ್ಲಗೆ ಕೇಳಿದರು. “ಈ ಪ್ರೋಗ್ರಾಂ ಚಿಂತಾಮಣಿ ಸ್ಕೂಲಿಗೂ ಹಾಕ್ತೀರಾ ಸಾರ್?”

“ಅವರೂ ಕೇಳಿದ್ದಾರೆ. ಯಾಕೆ?”

“ಹಾಕ್ಬೇಡಿ. ಅಲ್ಲಿ ನನ್ನವೇ ಇನ್ನೆರಡು ಓದ್ತಾವೆ.”