ಪಕ್ಕದ ಸೀಟಿನ ಹಾರನ್

ತಾಳ್ಮೆ ನನ್ನಲ್ಲಿ ಧಾರಾಳವಾಗಿದೆ. ಒಂದು ಮೊರ ಅವರೆಕಾಳು ಹಿತುಕುತ್ತ ಇಡೀ ಮಧ್ಯಾಹ್ನ ಕೂರಬಲ್ಲೆ. ಆದರೆ ಕಾರಿನಲ್ಲಿ ಹೋಗುವಾಗ ಮುಂದಿನ ವಾಹನ ನಿಧಾನವಾಯಿತೋ, ನಾನು ಬೇರೆಯೇ ಹೆಂಗಸು. ತಮಾಷೆಯೆಂದರೆ ನನಗೆ ಕಾರು ಓಡಿಸಲು ಬರುವುದಿಲ್ಲ. ಓಡಿಸುವವರು ನಮ್ಮ ಯಜಮಾನರು. ಅವಸರದ ಇಲಾಖೆ ಮಾತ್ರ ನನ್ನದು.

ಮೊನ್ನೆ ಹಾಸನದಿಂದ ಜಿನನಾಥಪುರಕ್ಕೆ, ಅತ್ತೆಯ ತಂಗಿಯ ಮಗಳು ಪದ್ಮಳ ಮನೆಯ ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅತ್ತೆ. ನಮ್ಮ ಜೈನರ ಮನೆಗಳಲ್ಲಿ ಸಂಜೆಯ ಊಟ ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು. ತಪ್ಪಿದರೆ ಬೆಳಗಿನವರೆಗೆ ಉಪವಾಸ. ನನಗಾದರೆ ಅದು ಬರೀ ಹಸಿವು. ಸಕ್ಕರೆ ಕಾಯಿಲೆಯ ಅತ್ತೆಗೆ ತಲೆಸುತ್ತು.

ಚನ್ನರಾಯಪಟ್ಟಣ ದಾಟಿದ ಮೇಲೆ ಸಿಕ್ಕಿತು ಆ ಬಿಳಿ ವ್ಯಾನು. ಹಂಪ್ ಬಂದರೆ ನಿಂತು, ನಮಸ್ಕರಿಸಿ, ಅಪ್ಪಣೆ ಪಡೆದು ದಾಟುವಂಥ ನಡಿಗೆ. ಎದುರಿನಿಂದ ಒಂದರ ಹಿಂದೊಂದು ತೆಂಗಿನಕಾಯಿ ಲಾರಿ.

“ಹಾರನ್ ಹೊಡೀರಿ,” ಎಂದೆ.

“ಹಾರನ್ ಹೊಡೆದ್ರೆ ಅವನಿಗೇನು ರೆಕ್ಕೆ ಬರುತ್ತಾ?” ಎಂದರು ಇವರು.

ಸೂರ್ಯ ಆಗಲೇ ತೆಂಗಿನ ಮರಗಳ ಸೊಂಟಕ್ಕೆ ಇಳಿದಿದ್ದ. ಕೈಚಾಚಿ ನಾನೇ ಒತ್ತಿದೆ. ಒತ್ತುತ್ತಲೇ ಇದ್ದೆ. ಕೊನೆಗೆ ವ್ಯಾನು ಟಾರು ಬಿಟ್ಟು ಮಣ್ಣಿಗಿಳಿಯಿತು. ದಾಟುವಾಗ ಕಿಟಕಿ ಇಳಿಸಿ, “ಈ ವೇಗಕ್ಕೆ ಡೀಸೆಲ್ ಯಾಕಪ್ಪ, ತಳ್ಕೊಂಡೇ ಬರಬಹುದಲ್ಲ,” ಎಂದು ಬೇರೆ ಹೇಳಿದೆ.

“ಬಾಯಿ ಮುಚ್ಚೆ, ಧೂಳು ಹೋಗುತ್ತೆ,” ಎಂದರು ಅತ್ತೆ.

ತಲುಪಿದಾಗ ಹೊತ್ತು ಇನ್ನೂ ಇತ್ತು. ಗೆದ್ದವಳಂತೆ ಇಳಿದೆ. ಎಲೆ ಹಾಕಿದ್ದರು, ಲೋಟಗಳಲ್ಲಿ ನೀರಿತ್ತು. ಎಲೆಯ ಮೇಲೆ ಏನೂ ಇರಲಿಲ್ಲ. ಪದ್ಮ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. “ಅಡುಗೆ ಪಟ್ಟಣದಿಂದ ಬರ್ತಿದೆ ಅಕ್ಕಾ. ದಾರೀಲಿ ಬಿಳಿ ವ್ಯಾನೇನಾದ್ರೂ ಕಂಡ್ತಾ?”

ಅತ್ತೆ ನನ್ನನ್ನು ನೋಡಿದರು. ನಾನು ಸೂರ್ಯನನ್ನು ನೋಡಿದೆ.

ವ್ಯಾನು ಬರುವಷ್ಟರಲ್ಲಿ ಬಿಸಿಲು ಗೋಡೆಯ ತುದಿಗೆ ಹತ್ತಿತ್ತು. ಡ್ರೈವರ್ ಇಳಿದವನೇ ಎದುರಿಗೆ ಸಿಕ್ಕ ನಮ್ಮ ಯಜಮಾನರಿಗೇ ವರದಿ ಒಪ್ಪಿಸಿದ: “ಸಾರಿನ್ ಪಾತ್ರೆ ಸಾ, ಚೆಲ್ಲೋಯ್ತದೆ ಅಂತ ಮೆಲ್ಲುಕೆ ಬತ್ತಿದ್ದೆ. ಅದ್ಯಾರೋ ಕೆಂಪು ಕಾರ್ನೋರು ಆರನ್ ಒಡ್ದು ಒಡ್ದು ಮಣ್ಗಿಳಿಸ್ಬುಟ್ರು. ಚಕ್ರ ಊತ್ಕಂತು. ಆಯಮ್ಮ ಏಳ್ದಂಗೆ ತಳ್ಸ್ಕಂಡೇ ಬಂದೆ ಕಣ್ ಸಾ.” ಹೀಗೆಂದು ಅಂಗಳದಲ್ಲಿದ್ದ ನಮ್ಮ ಕೆಂಪು ಕಾರಿಗೇ ಒರಗಿ ಬೆವರು ಒರೆಸಿಕೊಂಡ.

“ಕೆಲವರಿಗೆ ತಾಳ್ಮೆಯೇ ಇರಲ್ಲಪ್ಪ,” ಎಂದರು ಇವರು, ನನ್ನ ಕಡೆ ನೋಡದೆ.

ನಾನು ಸಾರಿನ ಬಕೆಟ್ಟು ಹಿಡಿದು ಓಡಿದೆ. ಅತ್ತೆಗೆ, ಅವರ ಸಾಲಿನ ಹಿರಿಯರಿಗೆ ಬಡಿಸಿದೆ. ಅತ್ತೆ ಮಜ್ಜಿಗೆಯನ್ನದ ಕೊನೆಯ ತುತ್ತು ಮುಗಿಸಿ ನೀರು ಕುಡಿದಾಗ ಗೋಡೆಯ ಮೇಲೆ ಒಂದು ಗೆರೆ ಬಿಸಿಲು ಉಳಿದಿತ್ತು. ಸಮಾಧಾನದಿಂದ ಎಲೆಯ ಮುಂದೆ ನಾನು ಕೂರುವ ಹೊತ್ತಿಗೆ ಅದೂ ಇರಲಿಲ್ಲ.

“ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನೀನೇ ಕೂತ್ಕೊಳ್ಳಮ್ಮ,” ಎಂದರು ಅತ್ತೆ. “ನಿನಗೆ ಅವಸರ.”

ಮರುದಿನ ಹೊರಡುವಾಗ ಪದ್ಮ ಒಂದು ಪಾತ್ರೆ ತುಪ್ಪ ಕೊಟ್ಟಳು. ಮುಚ್ಚಳ ಸಡಿಲ, ನಾನು ಉಟ್ಟದ್ದು ರೇಷ್ಮೆ ಸೀರೆ. ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಕಾರಿನವರು ಹಾರನ್ ಶುರುಮಾಡಿದರು. ಇವರು ವೇಗ ಹೆಚ್ಚಿಸಲು ಹೋದರು.

“ಮೆಲ್ಲಗೆ ಹೋಗ್ರೀ,” ಎಂದೆ. “ಹಾರನ್ ಹೊಡೆದ್ರೆ ನಮಗೇನು ರೆಕ್ಕೆ ಬರುತ್ತಾ?”