ಗುಬ್ಬಿ ತುಪ್ಪಕ್ಕೆ ಬಂದ ಕೆಂಪು

ಯಾರಾದರೂ ‘ನಿಮ್ಮನ್ನು ಕಾಪಾಡುತ್ತೇನೆ’ ಎಂದು ಹೊರಟರೆ ನನಗೆ ಕೂಡಲೇ ಎದೆ ಡವಗುಟ್ಟುತ್ತದೆ. ಕಳ್ಳರಿಂದ ನನಗೆ ಅಂಥ ತೊಂದರೆಯೇನೂ ಆಗಿಲ್ಲ. ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನೂ ಇಲ್ಲವೆಂಬುದು ತುಮಕೂರಿನ ಕಳ್ಳರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೋಸಗಾರರಿಂದಲೂ ಆಗಿಲ್ಲ. ಹಾಲಿನ ನಂಜಪ್ಪ ಹಾಲಿಗೆ ನೀರು ಹಾಕುತ್ತಿದ್ದ; ಆ ಹಾಲಿಗೆ ನಾವು ಇನ್ನಷ್ಟು ನೀರು ಹಾಕಿ ಕಾಫಿ ಮಾಡಿಕೊಳ್ಳುತ್ತಿದ್ದೆವು. ಹೀಗೆ ಒಬ್ಬರಿಗೊಬ್ಬರು ಸಹಕಾರದಿಂದಲೇ ಇದ್ದೆವು. ನನ್ನ ಸಂಸಾರದಲ್ಲಿ ರಾದ್ಧಾಂತ ಶುರುವಾದದ್ದು, ನನ್ನಂಥವರ ಹೊಟ್ಟೆಯನ್ನು ಕಾಪಾಡಬೇಕೆಂದು ದೆಹಲಿಯಲ್ಲಿ ದೊಡ್ಡವರೆಲ್ಲ ಸೇರಿ ಒಂದು ಕಾನೂನು ಮಾಡಿದ ಮೇಲೆ.

ಅದು ಆಹಾರ ಕಲಬೆರಕೆ ತಡೆಯುವ ಕಾನೂನು. ಐವತ್ತರ ದಶಕದಲ್ಲೇ ಆಗಿದ್ದರೂ ತುಮಕೂರಿಗೆ ಬಂದು ಮುಟ್ಟುವಷ್ಟರಲ್ಲಿ ಅರವತ್ತರ ದಶಕ ಹುಟ್ಟಿತ್ತು. ದಾರಿಯಲ್ಲಿ ಅದಕ್ಕೂ ಯಾರೋ ಒಂದಿಷ್ಟು ನೀರು ಬೆರೆಸಿದ್ದರೆಂದು ಕಾಣುತ್ತದೆ, ನಮ್ಮ ಬೀದಿಗೆ ಬರುವಾಗ ಸಾಕಷ್ಟು ತೆಳ್ಳಗಾಗಿತ್ತು. ಆದರೆ ನನ್ನ ಗ್ರಹಚಾರ ನೋಡಿ, ಆ ಕಾನೂನಿನ ಗಟ್ಟಿ ಭಾಗ ನಮ್ಮ ಪಕ್ಕದ ಮನೆಗೇ ಬಾಡಿಗೆಗೆ ಬಂತು. ಹೆಸರು ರಂಗಸ್ವಾಮಿ, ಫುಡ್ ಇನ್ಸ್‌ಪೆಕ್ಟರು. ತೆಳ್ಳಗೆ, ಉದ್ದಕ್ಕೆ ಇದ್ದ ಮನುಷ್ಯ. ಕೈಯಲ್ಲಿ ಯಾವಾಗಲೂ ಒಂದು ಮರದ ಪೆಟ್ಟಿಗೆ. ಅದರೊಳಗೆ ಬಾಟ್ಲಿಗಳು, ಗಾಜಿನ ಕೊಳವೆಗಳು, ಅರಗು, ಸರ್ಕಾರದ ಮೊಹರು. ಅವರು ಪೇಟೆಗೆ ಇಳಿದರೆಂದರೆ ಅಂಗಡಿಯವರು ದೀಪ ಹಚ್ಚುವ ಹೊತ್ತಿಗೆ ಮುಂಚೆಯೇ ಬಾಗಿಲು ಹಾಕಿ ‘ಮನೇಲಿ ಸೂತಕ’ ಎನ್ನುತ್ತಿದ್ದರು. ಒಂದೊಂದು ದಿನ ಇಡೀ ಪೇಟೆಗೇ ಸೂತಕ.

ಅವರಿಗಿಂತ ಹೆಚ್ಚಾಗಿ ಜನ ಹೆದರುತ್ತಿದ್ದದ್ದು ಸಾಕ್ಷಿಯಾಗುವುದಕ್ಕೆ. ಸ್ಯಾಂಪಲ್ ತೆಗೆಯುವಾಗ ಸಾಕ್ಷಿ ಬೇಕಲ್ಲ, ಅದಕ್ಕೆ ಇನ್ಸ್‌ಪೆಕ್ಟರು ಹೋಟೆಲಿನ ಮುಂಬಾಗಿಲಲ್ಲಿ ಬಂದರೆ ಗಿರಾಕಿಗಳೆಲ್ಲ ಹಿತ್ತಲ ಬಾಗಿಲಲ್ಲಿ ಮಾಯ. ನಾನೊಬ್ಬ ಮಾತ್ರ ಒಂದು ಸಲ ಓಡಲಿಲ್ಲ. ಧೈರ್ಯದಿಂದಲ್ಲ, ಮಸಾಲೆ ದೋಸೆ ಅರ್ಧ ಉಳಿದಿತ್ತು. ಆ ಅರ್ಧ ದೋಸೆಯ ತಪ್ಪಿಗೆ ಕೋರ್ಟಿನ ಕಟಕಟೆಯಲ್ಲಿ ನಿಂತು, ‘ಸಾಂಬಾರಿನ ಪುಡಿಯಲ್ಲಿ ಇಟ್ಟಿಗೆ ಪುಡಿ ಇದ್ದದ್ದು ತಿನ್ನುವಾಗ ತಮಗೆ ಗೊತ್ತಾಗಲಿಲ್ಲವೋ?’ ಎಂದು ವಕೀಲರು ಕೇಳಿದಾಗ, ‘ಸ್ವಾಮಿ, ಆವತ್ತು ಸಾಂಬಾರು ಚೆನ್ನಾಗಿತ್ತು’ ಎಂದು ಪ್ರಮಾಣ ಮಾಡಿ ಹೇಳಿಬಂದವನು ನಾನು. ರಂಗಸ್ವಾಮಿಗಳು ಮನೆಗೆ ಬರುವ ದಾರಿಯುದ್ದಕ್ಕೂ ನನಗಿಂತ ಹತ್ತು ಮಾರು ಮುಂದೆಯೇ ನಡೆದರು.

ಇಷ್ಟಾದರೂ ನನ್ನ ನಾಲಿಗೆಯ ಮೇಲೆ ನನಗೆ ಬಹಳ ಅಭಿಮಾನ. ಅದಕ್ಕೆ ಕಾರಣ ತುಪ್ಪ. ನನ್ನ ತಾಯಿಯ ತವರು ಕುಣಿಗಲ್, ಹೆಂಡತಿ ಸಾವಿತ್ರಿಯ ತವರು ಗುಬ್ಬಿ. ಎರಡು ಕಡೆಯಿಂದಲೂ ನಮ್ಮ ಮನೆಗೆ ಬೆಣ್ಣೆ ಕಾಯಿಸಿದ ತುಪ್ಪ ಬರುತ್ತಿತ್ತು. ಅಡುಗೆಮನೆಯ ಹಲಗೆಯ ಮೇಲೆ ಎರಡು ಜಾಡಿ, ಎರಡಕ್ಕೂ ಒಳಗೇ ಇಳಿಬಿಟ್ಟ ಬೇರೆ ಬೇರೆ ಮಿಳ್ಳೆ, ಎಂದರೆ ತುಪ್ಪ ಬಡಿಸುವ ಪುಟ್ಟ ಸೌಟು. ಊಟಕ್ಕೆ ಕೂತರೆ ಮೊದಲು ಅಮ್ಮ ಬಂದು ಕುಣಿಗಲ್ ತುಪ್ಪ ಹಾಕುವಳು, ಆಮೇಲೆ ಸಾವಿತ್ರಿ ಬಂದು ಗುಬ್ಬಿ ತುಪ್ಪ ಹಾಕುವಳು. ಇಬ್ಬರೂ ನನ್ನ ಮುಖ ನೋಡುತ್ತಾ ನಿಲ್ಲುವರು. ನಾನು ಒಂದಕ್ಕೆ ‘ಆಹಾ’ ಎಂದರೆ ಇನ್ನೊಂದಕ್ಕೆ ‘ಓಹೋ’ ಎನ್ನಬೇಕು. ಆಹಾ ಉದ್ದವಾಯಿತೋ ಓಹೋ ಉದ್ದವಾಯಿತೋ ಎಂದು ಅಡುಗೆಮನೆಯಲ್ಲಿ ಲೆಕ್ಕವಾಗುತ್ತಿತ್ತು. ಅತ್ತೆಗೂ ಸೊಸೆಗೂ ನೇರವಾಗಿ ಜಗಳವೇ ಇಲ್ಲ. ಅಮ್ಮ ಬೆಕ್ಕಿಗೆ ಹೇಳುವಳು, ಸಾವಿತ್ರಿ ಪಾತ್ರೆಗಳಿಗೆ ಹೇಳುವಳು. ನಡುವೆ ಕೂತವನು ಕಿವುಡನಾಗಿದ್ದರೆ ಸ್ವರ್ಗ.

ನನ್ನ ಇನ್ನೊಂದು ದುಃಖವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೂವತ್ತೈದು ದಾಟುವ ಮುಂಚೆಯೇ ನನ್ನ ತಲೆಗೂದಲು ಒಂದೊಂದಾಗಿ ರಜೆ ಹಾಕಿ ಹೋಗತೊಡಗಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಕೂದಲು ಬೇಕೇಬೇಕೆಂದೇನೂ ಇಲ್ಲ, ಆದರೂ ಆಸೆ. ಕ್ಯಾತ್ಸಂದ್ರದ ಕಡೆಯ ಪಂಡಿತರೊಬ್ಬರು, ದಿನಾ ಬೆಳಿಗ್ಗೆ ಎಳ್ಳೆಣ್ಣೆಯನ್ನು ಕೆಂಡದ ಮೇಲೆ ಬಿಸಿ ಮಾಡಿ ತಲೆಗೆ ಒತ್ತಿಕೊಂಡರೆ ಹೋದದ್ದು ವಾಪಸು ಬರುತ್ತದೆಂದರು. ಅವರದೂ ಬೋಳುತಲೆಯೇ. ಅದನ್ನು ನೋಡಿಯೂ ನಂಬಿದೆನೆಂದರೆ ನನ್ನ ಸ್ಥಿತಿ ನೀವೇ ಊಹಿಸಿಕೊಳ್ಳಿ. ದಿನಾ ಬೆಳಿಗ್ಗೆ ತಪ್ಪದೆ ಎಣ್ಣೆ ಬಿಸಿ ಮಾಡಿ ತಿಕ್ಕಿ ತಿಕ್ಕಿ, ಕೂದಲು ಬರದಿದ್ದರೂ ಹೊಳಪು ಚೆನ್ನಾಗಿ ಬಂತು.

ಒಂದು ಭಾನುವಾರ ರಂಗಸ್ವಾಮಿಗಳನ್ನು ಊಟಕ್ಕೆ ಕರೆದೆ. ಕೋರ್ಟಿನ ಮುನಿಸು ಕಳೆಯಲಿ ಎಂಬ ಆಸೆ. ಬಿಸಿ ಅನ್ನದ ಮೇಲೆ ಗುಬ್ಬಿ ತುಪ್ಪ ಬಿದ್ದದ್ದೇ ನಾನು ಸುಮ್ಮನಿರಲಾರದೆ, “ಇನ್ಸ್‌ಪೆಕ್ಟ್ರೇ, ಇದಕ್ಕೆ ಒಂದು ಹನಿ ವನಸ್ಪತಿ ಬೆರೆತಿದ್ರೂ ನನ್ನ ನಾಲಿಗೆ ಕಂಡುಹಿಡಿಯುತ್ತೆ ಕಣ್ರೀ” ಎಂದೆ. ಅವರು ಎರಡು ತುತ್ತು ತಿಂದು, “ನಾಲಿಗೆ ಯಾತಕ್ಕೂ ಬರಲ್ಲ ಸಾರ್, ಸರ್ಕಾರಕ್ಕೆ ಯಾರ ನಾಲಿಗೆ ಮೇಲೂ ನಂಬಿಕೆಯಿಲ್ಲ” ಎಂದು ಒಂದು ಪಾಠವನ್ನೇ ಮಾಡಿದರು. ತುಪ್ಪದ ಹಾಗೇ ಕಾಣುವ ಆ ವನಸ್ಪತಿಯೆಂಬ ಗಟ್ಟಿ ಎಣ್ಣೆ ಮಾಡುವ ಕಾರ್ಖಾನೆಯವರೆಲ್ಲ ಅದರಲ್ಲಿ ಒಂದು ಪಾಲು ಎಳ್ಳೆಣ್ಣೆ ಬೆರೆಸಲೇಬೇಕೆಂದು ಸರ್ಕಾರದ ಕಟ್ಟಪ್ಪಣೆಯಂತೆ. ಯಾಕೆಂದರೆ, ಆ ವನಸ್ಪತಿಯನ್ನು ಯಾರಾದರೂ ಕದ್ದು ತುಪ್ಪಕ್ಕೆ ಸೇರಿಸಿದರೆ, ಒಂದು ಚಿಟಿಕೆ ಸಕ್ಕರೆ ಹಾಕಿದ ಆಸಿಡ್ಡಿನೊಡನೆ ಕುಲುಕಿದಾಗ ಆ ಎಳ್ಳೆಣ್ಣೆ ಕೆಂಪಗೆ ತಿರುಗಿ ಕಳ್ಳನನ್ನು ಹಿಡಿದುಕೊಡುತ್ತದೆ. ಚೊಕ್ಕ ತುಪ್ಪಕ್ಕೆ ಬಣ್ಣವೇ ಬರುವುದಿಲ್ಲ. ‘ಎಂಥಾ ತಲೆ!’ ಎಂದು ನಾನು ಸರ್ಕಾರವನ್ನು ಹೊಗಳಿದೆ. ನನ್ನ ತಲೆಯ ಯೋಚನೆ ಆಗ ನನಗೆ ಬರಲಿಲ್ಲ.

ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಅಮ್ಮ ಒಳಗಿನಿಂದಲೇ, “ಅಷ್ಟು ಸಲೀಸಾಗಿದ್ರೆ ಈ ಎರಡು ಜಾಡೀನೂ ಒಂಚೂರು ನೋಡಿಬುಡಪ್ಪ, ನಮ್ಮನೇಲಿ ದಿನಾ ಒಂದು ಮಾತು ತೀರ್ಮಾನ ಆಗ್ದೆ ಉಳ್ಕೊಂಡ್ಬುಡ್ತದೆ” ಎಂದಳು. ಸಾವಿತ್ರಿ ಸೆರಗು ಸೊಂಟಕ್ಕೆ ಸಿಕ್ಕಿಸಿ, “ನೋಡ್ಲಿ ಬಿಡಿ, ನಮ್ಗೇನು ಭಯ” ಎಂದಳು. ಪೆಟ್ಟಿಗೆ ಬಂತು. ಕುಣಿಗಲ್ ತುಪ್ಪ ಕೊಳವೆಯಲ್ಲಿ ಕುಲುಕಾಡಿ ಹಾಗೇ ಬಿಳಿಚಿಕೊಂಡು ಕೂತಿತು. ಗುಬ್ಬಿ ತುಪ್ಪದ ಕೊಳವೆಯ ತಳ ಮೆಲ್ಲಗೆ ತಿಳಿಗುಲಾಬಿಯಾಗಿ, ನಾವು ನೋಡುನೋಡುತ್ತಿದ್ದಂತೆ ದಾಳಿಂಬೆಯ ಬಣ್ಣಕ್ಕೆ ತಿರುಗಿತು.

ಸಾವಿತ್ರಿ ಕೊಳವೆಯನ್ನೂ ನನ್ನನ್ನೂ ನೋಡಿ, ಒಳಗೆ ಹೋದಳು. ಅಮ್ಮ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನೋಡಿದ್ಯೇನೇ, ಬಣ್ಣ ಬಯಲಾಯ್ತು. ಮಗಳ ಮನೆಗೆ ವನಸ್ಪತಿ ಕಳಿಸೋ ತಾಯಿನೂ ಈ ಭೂಮಿ ಮೇಲವ್ಳೆ” ಎಂದಳು. ಸಂಜೆಯೊಳಗೆ ಸುದ್ದಿ ಬೀದಿ ನಲ್ಲಿಯ ಹತ್ತಿರ ಕೊಡದ ಜೊತೆ ಸಾಲುಗಟ್ಟಿ ನಿಂತಿತ್ತು. ಮಾರನೆಯ ದಿನದಿಂದ ಸಾವಿತ್ರಿ ತುಪ್ಪ ಬಡಿಸುವುದನ್ನು ಬಿಟ್ಟಳು, ತಾನು ತಿನ್ನುವುದನ್ನೂ ಬಿಟ್ಟಳು. “ನಮ್ಮಮ್ಮ ಹಸು ಕಟ್ಟಿ, ಬೆಣ್ಣೆ ಕಡೆದು, ನಿಮಗೋಸ್ಕರ ಕಾಯಿಸಿ ಕಳಿಸ್ತಾಳೆ. ಅವಳನ್ನ ಕಳ್ಳಿ ಅಂದ ಮನೇಲಿ ನಾನು ಹೆಂಗಿರ‍್ಲಿ ಹೇಳಿ?” ಎಂದು ಕಣ್ಣು ತುಂಬಿಕೊಂಡು ಟ್ರಂಕು ಹೊರಗಿಟ್ಟಳು. ಅವಳು ಹೋದರೆ ಗತಿಯೇನು ಎಂದು ನಾನು ಹೋಗಿ ಟ್ರಂಕಿನ ಮೇಲೆ ಕೂತೆ. ಅವಳ ಅಮ್ಮನ ಮೇಲೆ ನನಗೇನೂ ಅನುಮಾನವಿರಲಿಲ್ಲ. ಆದರೆ ಕೊಳವೆ ಕೆಂಪಾದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಮಧ್ಯೆ ಸಿಕ್ಕಿಕೊಂಡವನು ಏನು ಹೇಳಬೇಕು? ‘ಸ್ವಲ್ಪ ತಡಿ’ ಎಂದೆ. ಗಂಡಸರು ತಲತಲಾಂತರದಿಂದ ಹೇಳುತ್ತಾ ಬಂದಿರುವುದು ಅಷ್ಟೇ.

ಸಾವಿತ್ರಿ ತಡೆದಳು, ಆದರೆ ನನ್ನ ಮಾತಿಗಲ್ಲ. ಗುಬ್ಬಿಗೆ ಹೊರಟಿದ್ದ ಪರಿಚಯದವರ ಕೈಲಿ ಹೇಳಿ ಕಳಿಸಿದ್ದಳು. ಮೂರನೆಯ ದಿನ ಬೆಳಗಿನ ರೈಲಿಗೆ ನಮ್ಮತ್ತೆ, ಎಂದರೆ ಸಾವಿತ್ರಿಯ ತಾಯಿ, ಬಂದಿಳಿದರು. ಕಂಕುಳಲ್ಲಿ ಹೊಸ ತುಪ್ಪದ ತಂಬಿಗೆ. ನಾನು ಆಗತಾನೆ ತಲೆಗೆ ಎಣ್ಣೆ ಒತ್ತಿಕೊಂಡು ಜಗಲಿಯ ಮೇಲೆ ಕೂತಿದ್ದೆ. “ಬನ್ನಿ ಅತ್ತೆ, ಕಾಲಿಗೆ ನೀರು...” ಎಂದು ಎದ್ದೆ. “ನೀರು ಆಮೇಲೆ ಅಳಿಯಂದ್ರೇ, ಮೊದ್ಲು ಆ ಇನ್ಸ್‌ಪೆಕ್ಟ್ರನ್ನ ಕರೀರಿ” ಎಂದರು.

ರಂಗಸ್ವಾಮಿಗಳು ಅಂಗಡಿಯವರ ಬೈಗುಳಕ್ಕೆ ಹೆದರುವವರಲ್ಲ, ಆದರೆ ನಮ್ಮತ್ತೆಯ ಮುಂದೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೂತರು. ಅತ್ತೆ ದಾರಿಯುದ್ದಕ್ಕೂ ರೈಲಿನಲ್ಲಿ ಯಾರನ್ನೋ ಹಿಡಿದು ಕಾನೂನು ತಿಳಿದುಕೊಂಡೇ ಬಂದಿದ್ದರು. “ಅಲ್ಲಪ್ಪ, ಸ್ಯಾಂಪ್ಲು ತೆಗೆದ್ರೆ ಮೂರು ಬಾಟ್ಲಿ ಮಾಡ್ಬೇಕಂತೆ, ಮಾಲಿನೋರಿಗೆ ಒಂದು ಕೊಡ್ಬೇಕಂತೆ. ನನ್ನ ಬಾಟ್ಲಿ ಎಲ್ಲಿ? ಅಂಗಡಿ ಕಳ್ಳಂಗೆ ಇರೋ ಮರ್ಯಾದೆ ಹೆಣ್ಣು ಕೊಟ್ಟ ತಾಯಿಗಿಲ್ವಾ?” ಎಂದು ಕೇಳಿದರು. “ಅದು ಸರ್ಕಾರಿ ಸ್ಯಾಂಪಲ್ ಅಲ್ಲಮ್ಮ, ಊಟಕ್ಕೆ ಬಂದಾಗ ಸುಮ್ನೆ...” ಎಂದು ಅವರು ತೊದಲಿದರು. “ಉಂಡ ಎಲೆ ಎತ್ತೋಕೆ ಮುಂಚೆ ನನ್ನ ಕಳ್ಳಿ ಮಾಡಿದ್ರಿ. ಈಗ ಕಾನೂನಿನ ಪ್ರಕಾರ ನೋಡಿ” ಎಂದು ಅತ್ತೆ ತಂಬಿಗೆಯನ್ನು ಠಣ್ಣೆಂದು ಮುಂದಿಟ್ಟರು.

ಹೊಸ ತುಪ್ಪ ಕೊಳವೆಗಿಳಿಯಿತು. ಎಲ್ಲರೂ ಕೊಳವೆಯ ಸುತ್ತ ಬಗ್ಗಿ ನೋಡಿದೆವು. ಎಷ್ಟು ಹೊತ್ತಾದರೂ ಬಣ್ಣ ಬರಲಿಲ್ಲ. ಸಾವಿತ್ರಿಯ ಮುಖ ಅರಳಿತು. ಹಳೇ ಜಾಡಿಯ ತುಪ್ಪವನ್ನು ಇನ್ನೊಮ್ಮೆ ನೋಡಿದರೆ ಅದು ಅಂದಿನಂತೆಯೇ ಕೆಂಪು. ಅಂದರೆ ಗುಬ್ಬಿಯಲ್ಲಿ ಚೊಕ್ಕವಾಗಿ ಹೊರಟ ತುಪ್ಪ ನಮ್ಮ ಮನೆಯಲ್ಲಿ ಕೆಟ್ಟಿದೆ. ಎಲ್ಲರ ಕಣ್ಣೂ ಮೆಲ್ಲಗೆ ನನ್ನ ಅಮ್ಮನ ಕಡೆ ತಿರುಗಿದವು. ಅಮ್ಮ ಬೆಕ್ಕನ್ನು ಕೆಳಗಿಳಿಸಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ನೇರವಾಗಿ ಸೊಸೆಗೇ ಹೇಳಿದಳು: “ಸಾವಿತ್ರಿ, ಬಾಯಿ ಜೋರು ಇರ‍್ಬೋದು ನಂಗೆ. ತಿನ್ನೋ ವಸ್ತುವಿಗೆ ಬೆರಕೆ ಹಾಕೋ ಪಾಪಿ ಅಲ್ಲ ಕಣೇ ನಾನು.” ಸಾವಿತ್ರಿ ತಲೆ ತಗ್ಗಿಸಿ, “ನಾನು ಹಂಗಂದ್ನಾ ಅತ್ತೆ” ಎಂದಳು. ಅಂದಿರಲಿಲ್ಲ, ಆದರೆ ಅಂದುಕೊಂಡಿದ್ದಳು. ಅದು ಅಮ್ಮನಿಗೂ ಗೊತ್ತಾಗಿತ್ತು. ನನಗೋ ಇಬ್ಬರನ್ನೂ ನೋಡಿ ಅಳುವೇ ಬರುವಂತಾಯಿತು.

ಅತ್ತೆ ಮಾತ್ರ ಅಳುವವರಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, ತಾವೇ ಮದುವೆಯಲ್ಲಿ ಕೊಟ್ಟಿದ್ದ ಉದ್ದ ಹಿಡಿಯ ಹಿತ್ತಾಳೆ ಮಿಳ್ಳೆಯನ್ನು ಗುಬ್ಬಿ ಜಾಡಿಯಿಂದ ಎತ್ತಿ ನೋಡಿದರು. ಅದರ ತಳ ಕಪ್ಪಗೆ ಮಸಿ ಹಿಡಿದಿತ್ತು. “ತುಪ್ಪದ ಮಿಳ್ಳೆಗೆ ಒಲೆ ಹತ್ರ ಏನೇ ಕೆಲ್ಸ?” ಎಂದು ಮಗಳನ್ನು ಕೇಳುತ್ತಾ ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಸಲ ಮೂಸಿದರು. ಮೂಸುತ್ತಲೇ ಹೊರಗೆ ಬಂದರು. ಬೆಳಗಿನ ಬಿಸಿಲಲ್ಲಿ ನನ್ನ ತಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅತ್ತೆಯ ದೃಷ್ಟಿ ಮಿಳ್ಳೆಯಿಂದ ಮೇಲೇರಿ, ನನ್ನ ನೆತ್ತಿಯ ಮೇಲೆ ಬಂದು ನಿಂತಿತು.

“ಅಳಿಯಂದ್ರೇ, ತಲೆಗೆ ಎಣ್ಣೆ ಯಾತ್ರಲ್ಲಿ ಬಿಸಿ ಮಾಡ್ಕೋತೀರಿ?”

ಏನು ಹೇಳಲಿ? ಹಿಡಿ ಉದ್ದ ಇದ್ದದ್ದರಿಂದ ಕೆಂಡದ ಮೇಲೆ ಹಿಡಿಯಲು ಅದೊಂದೇ ಅನುಕೂಲ. ಬಿಸಿಯಾದ ಎಣ್ಣೆಯನ್ನು ನೆತ್ತಿಗೆ ಸುರಿದುಕೊಂಡು ಪಂಚೆಯಲ್ಲಿ ಒಂದು ಸಲ ಒರೆಸಿ ಜಾಡಿಗೆ ವಾಪಸು ಇಳಿಬಿಟ್ಟರೆ ಆಯಿತು. ಒರೆಸುವುದು ಒಂದೊಂದು ದಿನ ಮರೆಯುತ್ತಿತ್ತು. ಸರ್ಕಾರ ಅಷ್ಟೊಂದು ತಲೆ ಓಡಿಸಿ ಕಾರ್ಖಾನೆಯಲ್ಲಿ ಸೇರಿಸಿದ್ದ ಎಳ್ಳೆಣ್ಣೆಯನ್ನು ನಾನು ಮನೆಯಲ್ಲೇ, ಯಾವ ಅಪ್ಪಣೆಯೂ ಇಲ್ಲದೆ, ದಿನಾ ಸೇರಿಸುತ್ತಿದ್ದೆ. ಅದನ್ನೇ ಅನ್ನಕ್ಕೆ ಹಾಕಿಸಿಕೊಂಡು ‘ಓಹೋ’ ಎನ್ನುತ್ತಿದ್ದವನೂ ನಾನೇ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಅತ್ತೆ ಬಿಡಲಿಲ್ಲ. “ಬಾಯಿಮಾತು ಬ್ಯಾಡ, ಇವರ ತಲೇದೂ ಒಂದು ಸ್ಯಾಂಪ್ಲು ತೆಗೀರಿ” ಎಂದರು. “ತಲೆ ಆಹಾರ ಪದಾರ್ಥ ಅಲ್ಲಮ್ಮ, ಕಾನೂನಿಗೆ ಬರಲ್ಲ” ಎಂದರು ರಂಗಸ್ವಾಮಿಗಳು. “ನನ್ನ ಮಗಳ ತಲೆ ಇವರು ದಿನಾ ತಿಂತಾವ್ರೆ, ಅದು ಬತ್ತದಾ ಕಾನೂನಿಗೆ?” ಎಂದು ಅತ್ತೆ ಕೇಳಿದ್ದೇ ಅವರು ಪೆಟ್ಟಿಗೆಗೆ ಕೈ ಹಾಕಿದರು. ಕೋರ್ಟಿನ ಸೇಡು ತೀರಿಸಿಕೊಳ್ಳುವ ಖುಷಿಯೂ ಇತ್ತೆಂದು ನನ್ನ ಅನುಮಾನ. ಹತ್ತಿಯಿಂದ ನನ್ನ ನೆತ್ತಿಯನ್ನು ಒರೆಸಿ, ಕೊಳವೆಯೊಳಗೆ ಹಿಂಡಿ, ಆಸಿಡ್ ಹುಯ್ದು ಕುಲುಕಿದರು. ತುಪ್ಪ ಕೆಂಪಾಗಲು ಸ್ವಲ್ಪ ಹೊತ್ತಾದರೂ ತೆಗೆದುಕೊಂಡಿತ್ತು. ನನ್ನ ತಲೆ ನೋಡುನೋಡುತ್ತಿದ್ದಂತೆ ರಕ್ತಗೆಂಪಾಯಿತು.

ಮೊದಲು ನಕ್ಕವಳು ಅಮ್ಮ. ಅವಳನ್ನು ನೋಡಿ ಸಾವಿತ್ರಿ ನಕ್ಕಳು, ಕಣ್ಣೀರು ಒರೆಸಿಕೊಳ್ಳುತ್ತಾ ನಕ್ಕಳು. ಅಮ್ಮ, ಸಾವಿತ್ರಿ, ನಮ್ಮತ್ತೆ ಮೂವರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಟ್ರಂಕು ಒಳಗೆ ಹೋಯಿತು. ಅಂದು ಊಟಕ್ಕೆ ಸಾವಿತ್ರಿಯೇ ಕುಣಿಗಲ್ ತುಪ್ಪ ಬಡಿಸಿದಳು, ಅಮ್ಮನೇ ಗುಬ್ಬಿ ತುಪ್ಪ ಬಡಿಸಿದಳು. ನನ್ನ ‘ಆಹಾ’ವನ್ನಾಗಲಿ ‘ಓಹೋ’ವನ್ನಾಗಲಿ ಅಂದಿನಿಂದ ಯಾರೂ ಕೇಳಿಲ್ಲ.

ಸಂಜೆ ರೈಲಿಗೆ ಹೊರಡುವ ಮುಂಚೆ ಅತ್ತೆ ರಂಗಸ್ವಾಮಿಗಳ ಮುಂದೆ ಕೈ ಚಾಚಿದರು. “ಮಾಲಿನೋರ ಪಾಲಿನ ಬಾಟ್ಲಿ ಕೊಡಿ. ಹೆಣ್ಣು ಕೊಟ್ಟು ತಗೊಂಡ ಮಾಲು, ನಮ್ದೇ ತಾನೇ?” ಆ ಮಹಾನುಭಾವರು ನನ್ನ ನೆತ್ತಿಯ ಎಣ್ಣೆಯನ್ನು ಒಂದು ಪುಟ್ಟ ಬಾಟ್ಲಿಗೆ ತುಂಬಿ, ಬಿರಡೆ ಹಾಕಿ, ಅರಗು ಕರಗಿಸಿ, ಸರ್ಕಾರದ ಮೊಹರು ಒತ್ತಿಯೇ ಕೊಟ್ಟರು. ಗುಬ್ಬಿಯ ಮನೆಯಲ್ಲಿ ಅದು ಈಗಲೂ ಗೂಡಿನಲ್ಲಿ, ನನ್ನ ಮದುವೆಯ ಫೋಟೋದ ಪಕ್ಕದಲ್ಲಿದೆ. ಬಂದವರಿಗೆಲ್ಲ ಅತ್ತೆ ತೋರಿಸುತ್ತಾರೆ: “ಇದು ಮದುವೆ ದಿನ ತೆಗೆದಿದ್ದು. ಇದು ಆಮೇಲೆ ಪರೀಕ್ಷೆ ಮಾಡಿಸಿದ್ದು.” ನನ್ನ ತಲೆಯಲ್ಲಿ ಏನೋ ಇದೆ ಎಂದು ಸರ್ಕಾರ ಮೊಹರು ಒತ್ತಿ ಕೊಟ್ಟದ್ದು ಅದೊಂದೇ ಸಲ, ಅದೂ ಒಂದು ಚಮಚಕ್ಕೆ ಸ್ವಲ್ಪ ಕಡಿಮೆ.